ಗಂಗವ್ವನ ಕಾಡಿಗೆ

ಶುಕ್ರವಾರ ಬೆಳಗಾಗುವಷ್ಟರಲ್ಲಿ ಉತ್ತರಿ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ದೇವಿಕೊಪ್ಪದ ಕಡೆಯ ಕಾಡಿನ ಮೇಲೆ ಮೋಡ ಎಮ್ಮೆಯ ಹಿಂಡಿನಂತೆ ಮಲಗಿತ್ತು. ಎದ್ದರೆ ಎತ್ತ ಹೋಗುತ್ತದೋ ಹೇಳುವಂತಿರಲಿಲ್ಲ. ಬಿದರಗಟ್ಟಿ ಕೆರೆಯ ನೀರು ಒಂದು ಗಳಿಗೆಯೂ ಸುಮ್ಮನಿರದೆ ಒಡ್ಡಿನ ಕಲ್ಲಿಗೆ ತಟ್ಟುತ್ತಲೇ ಇತ್ತು, ಮುಚ್ಚಿದ ಬಾಗಿಲ ಮುಂದೆ ನಿಂತವರ ಹಾಗೆ.

ಪಿಎಸ್‌ಐ ದುರ್ಗಾ ಒಡ್ಡಿನ ಮೇಲೆ ನಿಂತು ಮೆಟ್ಟಿಲು ಎಣಿಸುತ್ತಿದ್ದಳು. ದೋಣಿ ಹತ್ತಲು ಬರುವವರಿಗಾಗಿ ನೀರಿನೊಳಗೆ ಇಳಿಯುವಂತೆ ಕಟ್ಟಿದ ಹೊಸ ಮೆಟ್ಟಿಲುಗಳು.

“ಬುಧವಾರ ಆರು ಕಾಣತಿದ್ದವು, ಹುಲಿಗೇಶ.”

“ಇವತ್ತ ಎರಡ ಉಳದಾವ್ರಿ ಮೇಡಂ.” ಹೆಡ್ ಕಾನ್‌ಸ್ಟೇಬಲ್ ಹುಲಿಗೇಶ ಕಾಲಿನಿಂದ ಕಾಲಿಗೆ ಭಾರ ಬದಲಿಸಿದ. “ಆ ಹಂಸಗೋಳ್ನ ನೋಡ್ರಿ. ಹಂಸ ಅಲ್ಲ, ಬಾತುಕೋಳಿಗೆ ಬಾಸಿಂಗ ಕಟ್ಟಿದಂಗ ಕಾಣತಾವು.”

ದಡದಲ್ಲಿ ಹಂಸದ ಆಕಾರದ ಏಳು ತುಳಿಯುವ ದೋಣಿಗಳು ಕೊರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ದಸರಾ ಸೂಟಿಗೆ ಜನ ಬರುತ್ತಾರೆ. ಭಾನುವಾರ ಉದ್ಘಾಟನೆ.

ದುರ್ಗಾ ನಗಲಿಲ್ಲ. ಸೋಮವಾರ ರಾತ್ರಿ ಯಾರೋ ತೂಬು ತೆರೆದು ಕೆರೆಯ ನೀರನ್ನು ಎರಡಡಿ ಇಳಿಸಿದ್ದರು. ಕೆರೆ ಕಾಯುವ ಮಾಬುಸಾಬನದೇ ಈ ಕೆಲಸವೆಂದು ದೂರು ಬಂದಿತ್ತು. ತೂಬು ತಿರುಗಿಸುವ ಕಬ್ಬಿಣದ ಹಿಡಿಕೆ ಈಗ ಸಾಕ್ಷಿಯ ವಸ್ತುವಾಗಿ ಠಾಣೆಯ ಕಪಾಟಿನಲ್ಲಿ, ಅರಗಿನ ಮುದ್ರೆ ಹೊತ್ತು ಕುಳಿತಿತ್ತು. ಸಂಜೆಯೊಳಗೆ ಮುದುಕನನ್ನು ಬಂಧಿಸಿ ಎಂದು ಕೆಂಪು ಶಾಯಿಯಲ್ಲಿ ಬರೆದ ಮೇಲಿನವರ ಚೀಟಿ ಬೆಳಿಗ್ಗೆಯೇ ಅವಳ ಮೇಜಿಗೆ ಬಂದಿತ್ತು.

ಬಂಧಿಸುವುದು ಕಷ್ಟವಿರಲಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಕೆರೆಯನ್ನು ಕಣ್ಣಿನ ಹಾಗೆ ಕಾಯ್ದವನು ಅದನ್ನೇಕೆ ಬರಿದು ಮಾಡಹೊರಟ? ಮೂರು ದಿನ ಕೇಳಿದರೂ ಅವನು ಬಾಯಿ ಬಿಟ್ಟಿರಲಿಲ್ಲ.

“ಶರಣ್ರಿ ಮೇಡಂ!” ದೋಣಿಗಳ ಗುತ್ತಿಗೆ ಹಿಡಿದ ಅಂದಾನೆಪ್ಪ ಧೋತರದ ಚುಂಗು ಎತ್ತಿಕೊಂಡು ಬಂದ. ಹಣೆಯ ತುಂಬ ವಿಭೂತಿ, ಮುಖದ ತುಂಬ ನಗು. “ಇನ್ನೂ ಅವನ್ನ ಹಿಡೀಲಿಲ್ಲೇನ್ರಿ?”

“ಹಿಡಿಯೂದು ದೊಡ್ಡದಲ್ರಿ ಅಂದಾನೆಪ್ಪನವರ. ಯಾಕ ತೂಬ ತೆಗದಾ ಅನ್ನೂದು ತಿಳೀಬೇಕು.”

“ಯಾಕ ಅಂದ್ರ? ಹೊಟ್ಟಿಕಿಚ್ಚ! ಇಷ್ಟ ವರ್ಷ ಕೆರಿ ತನ್ನ ಹಿತ್ತಲ ಅನ್ನೂಹಂಗ ಅಡ್ಡಾಡ್ದಾ. ಈಗ ನಾ ದೋಣಿ ತಂದೆ. ಅವಗ ತಡಕೊಳ್ಳಾಕ ಆಗ್ಲಿಲ್ಲ.”

ದುರ್ಗಾ ಒಡ್ಡಿನ ತುದಿಯತ್ತ ಕೈ ತೋರಿದಳು. ಕೆರೆ ತುಂಬಿದರೆ ಹೆಚ್ಚಿನ ನೀರು ಹರಿದುಹೋಗಲೆಂದು ಹಿಂದಿನವರು ಕಲ್ಲಿನಲ್ಲಿ ಕಟ್ಟಿಟ್ಟ ಕೋಡಿ ಅಲ್ಲಿತ್ತು. ಅದರ ಬಾಯಿಗೆ ಅಡ್ಡವಾಗಿ ಉಸುಕಿನ ಚೀಲಗಳ ಸಾಲು.

“ಅವನ್ನ ಯಾರು ಇಟ್ಟವ್ರು?”

“ನಾನಽ ಇಡಿಸೀನ್ರಿ. ಒಂದ ಗೇಣಷ್ಟ. ನೀರು ಮೆಟ್ಟಲಕ್ಕ ಹತ್ತಲಿಲ್ಲಂದ್ರ ದೋಣಿ ಕೆಸರಿನಾಗ ಕುಂಡರತಾವು.”

“ನೀರು ಹೊರಗ ಹೋಗೂ ದಾರಿ ಅದು.”

“ಹೋಗತೈತ್ರಿ. ಚೂರು ತಡದು ಹೋಗತೈತಿ ಅಷ್ಟ.” ಅಂದಾನೆಪ್ಪ ಒಡ್ಡಿನ ಕೆಳಬದಿಗೆ ತಿರುಗಿ ಕೈಮುಗಿದ. “ಶ್ರಾವಣದಾಗ ಒಡ್ಡಿನ ಬುಡಕ್ಕ ಗಂಗವ್ವ ತಾನಽ ಎದ್ದು ಬಂದು ಕುಂತಾಳ. ತಗಡಿನ ಚಪ್ಪರ ನಾನಽ ಹಾಕ್ಸೀನಿ. ತಾಯಿ ಬಂದು ಕುಂತ ಒಡ್ಡಿಗೆ ಏನಾಗತೈತ್ರಿ ಮೇಡಂ?”

ಆ ಮಾತಿನಲ್ಲಿ ಕಪಟವಿರಲಿಲ್ಲ. ದುರ್ಗಾಳಿಗೆ ಅದೇ ಹೆಚ್ಚು ಕಸಿವಿಸಿಯಾಯಿತು. ಸುಳ್ಳು ಹೇಳುವವನನ್ನು ಪೊಲೀಸರು ಒಂದಲ್ಲ ಒಂದು ದಿನ ಹಿಡಿಯುತ್ತಾರೆ. ಮನಸಾರೆ ನಂಬಿದವನನ್ನು ಹಿಡಿಯುವ ಕೋಳ ಇನ್ನೂ ಹುಟ್ಟಿಲ್ಲ.

“ಕೆಳಗ ಇಳದು ನೋಡೂಣು,” ಎಂದಳು.

“ಅಲ್ಲೇನೈತ್ರಿ ಮೇಡಂ?” ಹುಲಿಗೇಶ ಅವಸರದಿಂದ ಅಂದ. “ಮುದುಕನ್ನ ಜೀಪಿನಾಗ ಕುಂಡರಸೂಣು, ಹೋಗೂಣು. ಮಳಿ ಬರಾಕತ್ತೈತಿ.”

“ಮುದುಕ ಅಲ್ಲೇ ಕುಂತಾನ. ಕುಂಡರಸಾಕ ಅಲ್ಲಿಗಽ ಹೋಗಬೇಕಲ್ಲ?”

ಇಳಿಜಾರಿನ ಹುಲ್ಲು ಒದ್ದೆಯಾಗಿ ಕಾಲು ಜಾರುತ್ತಿತ್ತು. ಕೆಳಗೆ ಗೋವಿನಜೋಳದ ಹೊಲ. ಹೊಲದಾಚೆ ಜನತಾ ಪ್ಲಾಟಿನ ಅರವತ್ತೆರಡು ಮನೆಗಳು. ಸೂಟಿ ಸಿಕ್ಕ ಮಕ್ಕಳ ಕೂಗು ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು. ದುರ್ಗಾ ಒಮ್ಮೆ ತಿರುಗಿ ನೋಡಿದಳು. ಇಲ್ಲಿಂದ ನೋಡಿದರೆ ಕೆರೆ ಕಾಣುವುದಿಲ್ಲ, ಒಡ್ಡಷ್ಟೇ ಕಾಣುತ್ತದೆ. ತಲೆಯ ಮೇಲೆ ಅಷ್ಟು ನೀರಿದೆ ಎಂಬುದನ್ನು ಮನುಷ್ಯ ದಿನವೂ ನೆನೆಯುತ್ತ ಬದುಕಲಾರ. ಅದಕ್ಕೇ ಹಿಂದಿನವರು ನೆನೆಯುವ ಕೆಲಸಕ್ಕೆಂದೇ ಒಬ್ಬನನ್ನು ನೇಮಿಸುತ್ತಿದ್ದರು.

ಒಡ್ಡಿನ ಬುಡದಲ್ಲಿ, ಚಪ್ಪರದ ಕೆಳಗೆ, ಅರಿಸಿನ ಬಳಿದ ಒಂದು ಗುಂಡುಕಲ್ಲು. ಕಲ್ಲಿನ ಕೆಳಗಿನಿಂದ ಬೆರಳು ದಪ್ಪದ ನೀರು ಬುಳುಬುಳು ಎಂದು ಹೊಮ್ಮುತ್ತಿತ್ತು. ಪೂಜೆ ಮಾಡುವ ಹನಮವ್ವ ಮಂಡಿಯೂರಿ ಹಿತ್ತಾಳೆ ಕೊಡ ತುಂಬಿಸುತ್ತಿದ್ದಳು. ಸ್ವಲ್ಪ ದೂರದ ಕಲ್ಲಿನ ಮೇಲೆ ಮಾಬುಸಾಬ ಕುಳಿತಿದ್ದ. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಜಪದ ತಸಬಿ. ಅವನ ಬೆರಳು ಮಣಿಯಿಂದ ಮಣಿಗೆ ಹೋಗುತ್ತಿತ್ತು. ಕಣ್ಣು ಮಾತ್ರ ಕೊಡದ ಬಾಯಿಯ ಮೇಲಿತ್ತು.

ಕೊಡ ತುಂಬಿ ಚೆಲ್ಲಿತು. ಅವನ ಬೆರಳು ನಿಂತಿತು.

“ಬಾ ಮಗಳ,” ಹನಮವ್ವ ದುರ್ಗಾಳನ್ನು ಕಂಡು ಸೆರಗು ಸರಿಪಡಿಸಿಕೊಂಡಳು. “ನವರಾತ್ರಿ ಶುಕ್ರವಾರ. ತೀರ್ಥ ತಗೊಂಡ ಹೋಗ. ಪೊಲೀಸರಿಗೂ ಪುಣ್ಯ ಬೇಕಲ್ಲ, ನಿಮಗ ಮತ್ತಽ ಜಾಸ್ತಿ ಬೇಕು.”

ಅವಳು ಹೊಸ ಬಿಳಿ ಅರಿವೆಯೊಂದನ್ನು ತಾಮ್ರದ ಪಾತ್ರೆಯ ಬಾಯಿಗೆ ಕಟ್ಟಿ, ಕೊಡದ ನೀರನ್ನು ಸೋಸತೊಡಗಿದಳು. ಪಾತ್ರೆಗೆ ಇಳಿದದ್ದು ಹೆಚ್ಚೂ ಕಡಿಮೆ ತಿಳಿನೀರು. ಅರಿವೆಯ ಮೇಲೆ ಮಾತ್ರ ಕಪ್ಪನೆಯದೇನೋ ಉಳಿಯಿತು.

“ಯವ್ವಾ, ಅದೇನು ಕರಿ?”

“ಕಾಡಿಗಿ.” ಹನಮವ್ವನ ಮುಖ ಅರಳಿತು. “ತಾಯಿ ಕಾಡಿಗಿ. ಮ್ಯಾಲ ನೋಡ.”

ಚಪ್ಪರದ ಗಳಕ್ಕೆ ಕಟ್ಟಿದ ಹಗ್ಗದ ಮೇಲೆ ಅಂಥವೇ ಒಂಬತ್ತು ಅರಿವೆಗಳು ಸಾಲಾಗಿ ಜೋತಾಡುತ್ತಿದ್ದವು.

“ತಾಯಿ ಮುಟ್ಟಿದ ಅರಿವಿ ತೊಳೀಬಾರದು, ಮತ್ತೊಮ್ಮೆ ಬಳಸಬಾರದು. ವಾರಕ್ಕೊಂದು ಹಂಗಽ ಹಾಕ್ಕೋಂತ ಬಂದೀನಿ. ಮೊದಲ ಐದು ವಾರ ನೋಡ, ಬರೇ ಬೆಳ್ಳಗ. ಆಮ್ಯಾಲ ಎರಡು ವಾರ ಕುಂಕುಮ ಕೊಟ್ಲು, ಹೆಂಗ ಕೆಂಪಗ ಐತಿ. ಈಗ ಎರಡು ವಾರದಿಂದ ಕಾಡಿಗಿ. ಇವತ್ತಿನದು ಹಿಡದು ಮೂರು. ಹಬ್ಬಕ್ಕ ಸಿಂಗಾರ ಮಾಡಕೊಳ್ಳಾಕತ್ತಾಳವಾ!”

ದುರ್ಗಾ ಬೂಟು ಬಿಚ್ಚಿದಳು. ಚಪ್ಪರದೊಳಗೆ ಹೋಗಿ, ಮೊದಲನೆಯ ಅರಿವೆಯಿಂದ ಒಂದೊಂದನ್ನೇ ನೋಡುತ್ತ ಬಂದಳು. ಆರನೆಯದರಲ್ಲಿ ನಿಂತಳು. ಎಂಟನೆಯದರಲ್ಲಿ ಮತ್ತೆ ನಿಂತಳು. ಅದರ ಕಪ್ಪನ್ನು ಉಗುರಿನಿಂದ ಕೆರೆದು, ಒದ್ದೆ ಮಾಡಿ, ಹೆಬ್ಬೆರಳು ತೋರುಬೆರಳ ನಡುವೆ ತೀಡಿದಳು. ಸಾಬೂನಿನ ಹಾಗೆ ಜಾರಿತು. ಆಮೇಲೆ ಅಂಟಿತು.

ಅವಳ ಅಪ್ಪ ಭೀಮಶಿ ಒಡ್ಡು ಕಟ್ಟುವ ಕೂಲಿಯವನು. ಮಗಳನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಕೆರೆಯಿಂದ ಕೆರೆಗೆ ಅಲೆದವನು. ಊಟದ ಹೊತ್ತಿಗೆ ಅವನು ಹೇಳುತ್ತಿದ್ದ ಮಾತು ಈಗ ಯಾರೋ ಕಿವಿಯ ಹತ್ತಿರ ನಿಂತು ಹೇಳಿದಂತೆ ಕೇಳಿಸಿತು. ಒಡ್ಡು ಅಂದ್ರ ಹೋಳಗಿ ಇದ್ದಂಗವಾ. ಹೊರಗ ಕೆಂಪು ಮಣ್ಣಿನ ಕಣಕ, ಒಳಗ ಕರಿ ಎರಿ ಮಣ್ಣಿನ ಹೂರಣ. ನೀರು ತಡಿಯೂದು ಹೂರಣ. ಅದು ಹೊರಗ ಬಂತಂದ್ರ ಹೋಳಗಿ ಹರದೈತಿ ಅಂತ ತಿಳಿ.

ಸುತ್ತ ಎಲ್ಲಿ ನೋಡಿದರೂ ಕೆಂಪು ನೆಲ. ಈ ಒಡ್ಡಿನ ಹೊಟ್ಟೆಗೆ ಬೇಕಾದ ಎರಿ ಮಣ್ಣನ್ನು ಹುಬ್ಬಳ್ಳಿಯಾಚೆಯ ಹೊಲಗಳಿಂದ ಲಾರಿಯಲ್ಲಿ ತರಿಸಿದ್ದರು. ಹಾಗಾದರೆ ಈ ಅರಿವೆಯ ಮೇಲಿನ ಕಪ್ಪು ಬರಲು ಒಂದೇ ಒಂದು ಜಾಗವಿತ್ತು.

ಮೊದಲು ಸೆಲೆ ಬರೀ ನೀರು ತಂದಿತು. ಆಮೇಲೆ ಹೊರಗಿನ ಮಣ್ಣು ತಂದಿತು. ಈಗ ಒಳಗಿನ ಮಣ್ಣು ತರುತ್ತಿದೆ. ಯಾರೂ ಕಾಣಲಿಲ್ಲ. ಏಕೆಂದರೆ ಭಕ್ತರ ಅಂಗೈಗೆ ಬಿದ್ದದ್ದು ಸೋಸಿದ ತಿಳಿನೀರು.

“ಹುಲಿಗೇಶ, ಈ ಅರಿವಿ ಒಂದೂ ಅಲುಗಾಡಬಾರದು. ಫೋಟೋ ತಗೀ.”

ಹುಲಿಗೇಶ ಮೊಬೈಲು ತೆಗೆದ. ಮೊದಲ ಎರಡು ಫೋಟೋ ಮಸುಕಾದವು. “ಗಾಳಿ ಭಾಳ ಐತ್ರಿ,” ಎಂದ, ಯಾರೂ ಕೇಳದಿದ್ದರೂ.

ದುರ್ಗಾ ಮಾಬುಸಾಬನ ಎದುರು ಕುಕ್ಕುರುಗಾಲಿನಲ್ಲಿ ಕುಳಿತಳು.

“ಕಾಕಾ, ಏನ್ ಎಣಸಾಕತ್ತಿದ್ರಿ?”

“ದೇವ್ರ ಹೆಸರು.”

“ಕೊಡ ನೋಡಕೋಂತ?”

ಮುದುಕ ತಲೆ ತಗ್ಗಿಸಿದ.

“ಕೊಡ ತುಂಬಿದ ಕೂಡ್ಲೆ ನಿಮ್ಮ ಬೆಳ್ಳ ನಿಂತ್ವು. ಎಷ್ಟನೇ ಮಣಿಗೆ?”

ಗಾಳಿಗೆ ತಗಡು ಬಡಿದುಕೊಂಡಿತು. ಮಾಬುಸಾಬ, ಹೊತ್ತ ಮೂಟೆ ಇಳಿಸುವವನ ಹಾಗೆ, ಮೆಲ್ಲನೆ ಅಂದ:

“ಮೂವತ್ತ್‌ಮೂರಕ್ಕ.”

“ಮೊದಲ?”

“ಶ್ರಾವಣದ ಮೊದಲ ಶುಕ್ರವಾರ ಪೂರಾ ತಸಬಿ, ತೊಂಬತ್ತೊಂಬತ್ತು ಮಣಿ ಆಗ್ತಿದ್ವು ಒಂದ ಕೊಡಕ್ಕ. ಏಳನೇ ವಾರಕ್ಕ ಅರವತ್ತಾರಾತು. ಹೋದ ವಾರದಿಂದ ಮೂವತ್ತ್‌ಮೂರು. ನನಗ ಗಡಿಯಾರ ಗೊತ್ತಾಗೂದಿಲ್ಲ ಮಗಳ. ಆದ್ರ ಅರವತ್ತ ವರ್ಷದಿಂದ ಮಣಿ ಎಣಸೇನಿ, ನನ್ನ ಬೆಳ್ಳ ಹಿಂದ ಮುಂದ ಆಗೂದಿಲ್ಲ.”

“ಅಂದ್ರ ನೀರು ಮೂರು ಪಟ್ಟು ಆಗೈತಿ.”

“ಹೌದು.”

“ಸೋಮವಾರ ರಾತ್ರಿ ತೂಬು ತೆಗದವ್ರು?”

“ನಾನಽ. ನೀರು ಇಳದ್ರ ಸೆಲಿ ಸಣ್ಣದ ಆಗತೈತೇನೋ ನೋಡಿದೆ. ಎರಡಡಿ ಇಳಿಯೂದರಾಗ ಎಪ್ಪತ್ತ ಮಣಿಗೆ ಬಂದಿತ್ತು. ಬೆಳಗಾತು, ದೋಣಿಯವ್ರ ಆಳು ಓಡಿ ಬಂದ್ರು, ಮುಚ್ಚಿದ್ರು.”

“ಇದನ್ನ ಮೂರು ದಿನದಿಂದ ಯಾಕ ಹೇಳಲಿಲ್ಲ? ನಿಮ್ಮನ್ನ ಜೇಲಿಗೆ ಹಾಕತಿದ್ರು!”

ಮುದುಕ ಹನಮವ್ವನ ಕಡೆ ನೋಡಲಿಲ್ಲ. ನೋಡಬಾರದೆಂದು ಕುತ್ತಿಗೆಯನ್ನು ಬಿಗಿಹಿಡಿದಿದ್ದ.

ಹನಮವ್ವ ತಾಮ್ರದ ಪಾತ್ರೆ ಕೆಳಗಿಟ್ಟು ಎದ್ದಳು. “ಏನಂತಾನವಾ ಇವಾ? ನನ್ನ ಗಂಗವ್ವಗ ಏನಂದಾ?”

“ಯವ್ವಾ, ಇದು ಸೆಲಿ ಅಲ್ಲ. ಒಡ್ಡು ಒಳಗಿಂದ ಕೊರಕೊಂಡ ಹೊಂಟೈತಿ. ಅದರ ಗಾಯ ಇದು.”

“ಗಾಯ?” ಅವಳ ದನಿ ಏರಿತು. “ಮಾಬುಸಾಬಣ್ಣಾ, ನೀನೂ ನಮ್ಮವ್ವನ್ನ ಗಾಯ ಅಂತಿಯೇನು? ಹತ್ತು ಶುಕ್ರವಾರ ನನ್ನ ಕೊಡಕ್ಕ ಕೈ ಹಚ್ಚಿದಿ, ಕಲ್ಲು ತೊಳಿಯಾಕ ನೀರು ಹಾಕಿದಿ. ಮನಸಿನಾಗ ಇದನ್ನ ಇಟ್ಕೊಂಡು ಕುಂತಿದ್ದಿ?”

“ಅದಕ್ಕಽ ಹೇಳಲಿಲ್ಲ ಹನಮವ್ವಾ.” ಮುದುಕ ಈಗ ಅವಳತ್ತ ತಿರುಗಿದ. “ನೀ ಹೂವು ಏರಸೂ ಕಲ್ಲಿಗೆ ನಾನು, ಒಬ್ಬ ಮಾಬುಸಾಬ, ಇದು ದೇವ್ರಲ್ಲ ಅಂತ ಹೆಂಗ ಅನ್ಲಿ? ಊರು ಏನಂತಿತ್ತು? ಊರಿಂದಿರ್ಲಿ. ನೀ ಏನಂತಿದ್ದಿ?”

“ನಾ ಬೈತಿದ್ದೆ.”

“ಹಾಂ.”

“ಬೈಸ್ಕೋಬೇಕಾಗಿತ್ತು! ನನ್ನ ಮಗಳು ಮೊಮ್ಮಕ್ಕಳು ಆ ಪ್ಲಾಟಿನಾಗ ಅದಾರ. ನನ್ನ ಬೈಗಳಕ್ಕ ಅಂಜಿ ಅವ್ರನ್ನ ನೀರಾಗ ಬಿಡ್ತಿದ್ದೇನು?”

ಅವಳು ಸೋಸಿದ ಅರಿವೆಯನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು. ಕಪ್ಪು ಮಣ್ಣನ್ನು ಬೆರಳಿನಿಂದ ಮುಟ್ಟಿದಳು, ಎರಡು ವಾರದಿಂದ ಹಣೆಗೆ ಇಟ್ಟುಕೊಂಡದ್ದನ್ನು ಮೊದಲ ಸಲ ಮುಟ್ಟುವವಳಂತೆ. ಕಲ್ಲಿನ ಮುಂದೆ ಕುಸಿದು ಕುಳಿತಳು.

“ತಾಯಿ ಅಳಾಕತ್ತಿದ್ಲು,” ಎಂದಳು. “ನಾವು ತೀರ್ಥ ಅಂತ ಕುಡದ್ವಿ.”

ದೇವರು ಹೇಳುವುದನ್ನು ಹೇಳಿಯೇ ಹೇಳುತ್ತಾನೆ. ಹೂವಿನ ಕೆಳಗೆ ಮುಚ್ಚಿಡುವವರು ನಾವು.

ದೂರದಲ್ಲಿ ಗುಡುಗಿತು. ಕಾಡಿನ ಮೇಲಿನ ಎಮ್ಮೆಗಳು ಎದ್ದಿದ್ದವು, ಇತ್ತಲೇ ಹೊರಟಿದ್ದವು.

ಮೊದಲು ಎದ್ದವಳು ಹನಮವ್ವ. ಗೂಟಕ್ಕೆ ತೂಗುಹಾಕಿದ್ದ ಜಾಗಟೆಯನ್ನು ಕೈಗೆತ್ತಿಕೊಂಡಳು.

“ಪ್ಲಾಟಿನವ್ರು ಪೊಲೀಸರ ಮಾತಿಗೆ ಮನಿ ಬಿಡೂದಿಲ್ಲ ಮಗಳ. ನಾ ಬಡದ್ರ ಬಿಡತಾರ. ದಿಬ್ಬದ ಮ್ಯಾಲಿನ ಸಾಲಿ ಕಟ್ಟಡಕ್ಕ ಹತ್ತಸ್ತೀನಿ ಎಲ್ಲಾರ್ನೂ.” ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಮಾಬುಸಾಬಣ್ಣಾ, ನಿನಗ ಬೈಯೂದು ಇನ್ನೂ ಮುಗದಿಲ್ಲ. ಸಾಯಬ್ಯಾಡ.”

“ಆತವಾ,” ಎಂದ ಮಾಬುಸಾಬ.

ಜಾಗಟೆಯ ಸದ್ದು ಗೋವಿನಜೋಳದ ನಡುವಿನ ಕಾಲುದಾರಿಯಲ್ಲಿ ದೂರವಾಗುತ್ತ ಹೋಯಿತು. ದುರ್ಗಾ ಒಡ್ಡಿನ ಮೇಲಕ್ಕೆ ಕೂಗಿದಳು. “ಅಂದಾನೆಪ್ಪನವರ! ಕೋಡಿ ಚೀಲಾ ಎಲ್ಲಾ ಕಿತ್ತಸ್ರಿ, ಈಗಿಂದೀಗ!”

ಮೇಲಿನಿಂದ ಏನೋ ವಾದ ಕೇಳಿಬಂತು. ಅವಳು ಇವತ್ತು ಸೋಸಿದ ಅರಿವೆಯನ್ನು ಎತ್ತಿ ತೋರಿಸಿದಳು. “ಇದು ನಿಮ್ಮ ಒಡ್ಡಿನ ಹೊಟ್ಟಿ ಒಳಗಿನ ಮಣ್ಣು!” ವಾದ ನಿಂತಿತು. ಮೊದಲ ಚೀಲ ಉರುಳಿದ ಸದ್ದಾಯಿತು.

ಆದರೆ ಚೀಲ ತೆಗೆದರೆ ಒಂದು ಗೇಣು ಇಳಿಯುತ್ತದೆ. ಬೇಕಾದದ್ದು ಆಳು ಎತ್ತರ.

“ಹುಲಿಗೇಶ, ಜೀಪ್ ತಗೊಂಡ್ ಹೋಗು. ಕಪಾಟಿನ ಮುದ್ರಿ ಒಡಿ. ತೂಬಿನ ಹಿಡಿಕಿ ತಾ.”

“ಮೇಡಂ, ಕೋರ್ಟಿನ ಅಪ್ಪಣಿ ಇಲ್ಲದ ಮುದ್ರಿ ಒಡದ್ರ...”

“ನನ್ನ ನೌಕರಿ ಹೋಗತೈತಿ. ಗೊತ್ತೈತಿ. ಹೋಗ.”

ಹುಲಿಗೇಶ ಕದಲಲಿಲ್ಲ.

ದುರ್ಗಾ ಅವನನ್ನು ಬಿಟ್ಟು ಮುದುಕನತ್ತ ತಿರುಗಿದಳು. ಒಂದು ಮುಳ್ಳು ಇನ್ನೂ ಚುಚ್ಚುತ್ತಿತ್ತು. “ಕಾಕಾ, ಊರವ್ರಿಗೆ ಹೇಳಲಿಲ್ಲ, ಆತು. ಸರಕಾರದವ್ರಿಗೆ? ಯಾರಿಗೂ ಹೇಳಲಿಲ್ಲೇನು?”

“ಹೇಳೇನಿ. ಏಳನೇ ಶುಕ್ರವಾರದ ಮರುದಿನ ಮೊಮ್ಮಗಳು ರುಬಿಯಾನ ಕಡಿಂದ ಅರ್ಜಿ ಬರಸಿ, ಎರಡು ಪ್ರತಿ, ನಾನಽ ಹೋಗಿ ಕೊಟ್ಟೇನಿ.”

“ಎಲ್ಲಿ? ಯಾರ ಕೈಯಾಗ?”

ಮಾಬುಸಾಬ ಒಂದು ಮಣಿ ಸರಿಸಿದ.

“ಅದು ಅವ್ರ ಬಾಯಿಂದ ಬರ್ಲಿ ಮಗಳ. ನಾ ಹೆಸರ ಹೇಳಿದ್ರ ಚಾಡಿ ಆಗತೈತಿ. ಅವ್ರಽ ಹೇಳಿದ್ರ ತೋಬಾ ಆಗತೈತಿ, ತಪ್ಪೊಪ್ಪಿಕೊಂಡಂಗ. ತೂಬಿನ ಕೇಸ ಆಗಿ ನಾಕು ದಿನ ಆತು, ಕಾಯಾಕತ್ತೀನಿ.”

ಅವನು ಯಾರನ್ನೂ ನೋಡದೆ ಹೇಳಿದ. ಹಾಗೆ ನೋಡದೆ ಹೇಳಿದ್ದರಿಂದಲೇ ದುರ್ಗಾ ಹಿಂದಕ್ಕೆ ತಿರುಗಿದಳು.

ಹುಲಿಗೇಶ ಟೊಪ್ಪಿಗೆ ತೆಗೆದಿದ್ದ. ಅದರ ಒಳಗಿನ ಪಟ್ಟಿಯ ಸಂದಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಎರಡು ಹಾಳೆ ಹೊರಬಂದವು. ಮೇಲಿನದನ್ನು ಅವನು ದುರ್ಗಾಳತ್ತ ಚಾಚಿದ.

“ಇಪ್ಪತ್ತ ದಿನ ಆತ್ರಿ ಮೇಡಂ,” ಎಂದ. “ಮ್ಯಾಲಿನವ್ರು ಹರಿಯಾಕ ಹೇಳಿದ್ರು. ಹರಿಯಾಕ ಆಗ್ಲಿಲ್ಲ. ಕೊಡಾಕೂ ಆಗ್ಲಿಲ್ಲ.”

ಅವಳು ಮೇಲಿನ ಹಾಳೆ ಬಿಡಿಸಿದಳು. ಶಾಲೆಯ ಹುಡುಗಿಯ ದುಂಡು ಅಕ್ಷರ. ತೊಂಬತ್ತೊಂಬತ್ತು, ಅರವತ್ತಾರು, ಕೆಂಪು ಮಣ್ಣು, ಜನತಾ ಪ್ಲಾಟಿನ ಅರವತ್ತೆರಡು ಮನೆ. ಎಲ್ಲವೂ ಇತ್ತು. ಅಂಚಿನಲ್ಲಿ ಕೆಂಪು ಶಾಯಿಯ ಒಂದು ಸಾಲು: ದೋಣಿ ಕಾರ್ಯಕ್ರಮ ಮುಗಿಯುವವರೆಗೆ ದಾಖಲಿಸಬೇಡಿ.

ಸಹಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅದೇ ಕೆಂಪು ಶಾಯಿ, ಅದೇ ಎಡಕ್ಕೆ ಬಾಗಿದ ಅಕ್ಷರ, ಇವತ್ತು ಬೆಳಿಗ್ಗೆ ಅವಳ ಮೇಜಿಗೆ ಬಂದು ಸಂಜೆಯೊಳಗೆ ಬಂಧಿಸಿ ಎಂದಿತ್ತು.

ಮೊದಲ ದಪ್ಪ ಹನಿಗಳು ತಗಡಿನ ಮೇಲೆ ಬಿದ್ದವು.

ಹುಲಿಗೇಶ ಎರಡನೆಯ ಪ್ರತಿಯನ್ನು ಮೊಣಕಾಲಿನ ಮೇಲೆ ಹರವಿಕೊಂಡ. ಪೆನ್ನು ತೆಗೆದು, ಸ್ವೀಕರಿಸಿದ್ದೇನೆ ಎಂದು ಬರೆದ. ಕೆಳಗೆ ತನ್ನ ಹೆಸರು, ತನ್ನ ನಂಬರು, ಅರ್ಜಿ ತನ್ನ ಕೈಸೇರಿದ ಇಪ್ಪತ್ತು ದಿನದ ಹಿಂದಿನ ತಾರೀಖು. ಇವತ್ತಿನದನ್ನು ಹಾಕಿದ್ದರೆ ಅವನ ನೌಕರಿ ಉಳಿಯುತ್ತಿತ್ತೇನೋ.

ಆಮೇಲೆ ಬಗ್ಗಿ, ಅರ್ಜಿ ಕೊಟ್ಟವನಿಗೆ ಅಂದೇ ಸಿಗಬೇಕಾಗಿದ್ದ ಆ ಹಾಳೆಯನ್ನು ಮಳೆಗೆ ನೆನೆಯದಂತೆ ಎರಡೂ ಕೈಗಳಿಂದ ಮರೆಮಾಡಿ, ಮಾಬುಸಾಬನ ಅಂಗೈಯಲ್ಲಿಟ್ಟು, ಹಿಡಿಕೆ ತರಲು ಜೀಪಿನತ್ತ ಓಡಿದ.